ಕೆಂಪು ರಾಜಗಿರಿಯೊಳಗಿನ ಹಸಿರು

ಮೊರಬ ಊರಿನ ಅಂಗನವಾಡಿಯಲ್ಲಿ ಅಡುಗೆ ಮಾಡಿ, ಮಕ್ಕಳ ಮೂಗೊರೆಸುತ್ತಿದ್ದ ಸಹಾಯಕಿ ಮಾದೇವಿ ನಲವತ್ತರ ಹತ್ತಿರ ಬಂದ ಮೇಲೆ ಹತ್ತನೇ ಇಯತ್ತೆ ಪರೀಕ್ಷೆಗೆ ಕೂರಲು ಮನಸ್ಸು ಮಾಡಿದಳು. ಪಾಸಾದರೆ ಕಾರ್ಯಕರ್ತೆಯಾಗಬಹುದಿತ್ತು. ಸಂಜೆ ಹೊತ್ತು ಹೈಸ್ಕೂಲಿನ ವಿಜ್ಞಾನ ಶಿಕ್ಷಕಿ ಶೈಲಾಳ ಮನೆಗೆ ಪಾಠಕ್ಕೆ ಹೋಗುತ್ತಿದ್ದಳು. ಗಣಿತ ಹೇಗೋ ದಾರಿಗೆ ಬಂತು. ಸಿಕ್ಕಿಬಿದ್ದದ್ದು ಎಲೆಯ ಪಾಠದಲ್ಲಿ.

ಎಲೆಯ ಜೀವಕೋಶದೊಳಗೆ ಕ್ಲೋರೋಪ್ಲಾಸ್ಟ್ ಎಂಬ ಹಸಿರು ಕಣಗಳಿರುತ್ತವೆ. ಒಂದೊಂದು ಕಣಕ್ಕೂ ಎರಡು ತೆಳು ಪೊರೆ, ಒಳಗೆ ಒಂದರ ಮೇಲೊಂದು ಒಟ್ಟಿದ ಬಿಲ್ಲೆಗಳು. ಬಿಲ್ಲೆಗಳಲ್ಲಿರುವ ಪತ್ರಹರಿತ್ತು ಬಿಸಿಲು ಹಿಡಿಯುತ್ತದೆ, ಸುತ್ತಲಿನ ದ್ರವದಲ್ಲಿ ಸಕ್ಕರೆ ತಯಾರಾಗುತ್ತದೆ ಎಂದು ಶೈಲಾ ಬಿಡಿಸಿ ಹೇಳಿದಳು.

"ರೊಟ್ಟಿ ಒಟ್ಟಿದಂಗ ಅನ್ರಿ," ಎಂದಳು ಮಾದೇವಿ.

"ಕಾಣಾಕ ಹಂಗ. ಆದ್ರ ಅದು ರೊಟ್ಟಿ ಅಲ್ರಿ ಮಾದೇವಕ್ಕ, ಒಲಿ ಅಂತ ತಿಳ್ಕೋರಿ."

ಮನೆ ಮುಟ್ಟುವಷ್ಟರಲ್ಲಿ ರೊಟ್ಟಿ ಯಾವುದು, ಒಲೆ ಯಾವುದು ಎಂಬುದೇ ಅವಳಿಗೆ ಕಲಸಿಹೋಗಿತ್ತು.

ಮರುದಿನ ಅಂಗನವಾಡಿಯಲ್ಲಿ ಸೊಪ್ಪಿನ ಪಲ್ಲೆ ಸೋಸುವಾಗ ಕೆಂಪು ಎಲೆಗಳ ಮೇಲೆ ಕೈ ನಿಂತಿತು. ಸಂಜೆ ಒಂದು ಹಿಡಿ ಕೆಂಪು ರಾಜಗಿರಿ ಸೊಪ್ಪು ಹಿಡಿದೇ ಪಾಠಕ್ಕೆ ಹೋದಳು. "ಅಕ್ಕಾರ, ಹಸರು ಇದ್ರನ ಅಡಗಿ ಅಂದ್ರಿ. ಇದೇನು ಉಪಾಸ ಇರತೈತೇನ್ರಿ?"

"ಹಸರು ಒಳಗ ಐತ್ರಿ. ಕೆಂಪು ಮುಚ್ಚಿಬಿಟ್ಟೈತಿ."

ಮಾದೇವಿ ನಂಬದ್ದನ್ನು ಕಂಡು ಶೈಲಾ ಎಲೆಯನ್ನು ಕುದಿಯುವ ನೀರಿಗೆ ಹಾಕಿದಳು. ನೀರು ಕೆಂಪಾಯಿತು, ಎಲೆ ಹಸಿರಾಯಿತು. ಮಾದೇವಿ ಚಮಚದಿಂದ ಎಲೆಯನ್ನು ಮೇಲೆತ್ತಿ ನೋಡಿದಳು.

"ಕೆಂಪು ನೀರಾಗ ಬಿಡ್ತು. ಹಸರು ಯಾಕ ಬಿಡ್ಲಿಲ್ರಿ?"

"ಅದು ನೀರಿಗೆ ಕರಗೂದಿಲ್ಲ. ಸ್ಪಿರಿಟ್ ಬೇಕು."

ಮರುದಿನ ಶೈಲಾ ಶಾಲೆಯಲ್ಲಿ ಅದನ್ನೂ ಮಾಡಿ ತೋರಿಸಿದಳು. ಬಿಸಿನೀರಿನಲ್ಲಿಟ್ಟ ಸ್ಪಿರಿಟ್ಟಿನಲ್ಲಿ ಎಲೆ ಬಿಳಿಚಿತು. ಅಯೋಡಿನ್ ಹನಿಸಿದಾಗ ಕಪ್ಪು-ನೀಲಿಯಾಯಿತು. "ಇದು ಪಿಷ್ಟ, ಅಂದ್ರ ಹಿಟ್ಟು. ಎಲಿ ಮಾಡಿದ್ದು."

"ಮೊನ್ನಿ ಸಕ್ಕರಿ ಅಂದ್ರಿ, ಇವತ್ತ ಹಿಟ್ಟು ಅಂತೀರಿ."

ಸಕ್ಕರೆಯನ್ನೇ ಗಿಡ ಹಿಟ್ಟು ಮಾಡಿ ಕೂಡಿಡುತ್ತದೆ ಎಂದು ಶೈಲಾ ತಿಳಿಸಿದಳು. ಮಾದೇವಿ ಹೂಂ ಎಂದಳು, ಆದರೆ ಹೂಂ ಎನ್ನುವಷ್ಟು ತಿಳಿದಿರಲಿಲ್ಲ.

ಪರೀಕ್ಷೆಯಲ್ಲಿ ಕ್ಲೋರೋಪ್ಲಾಸ್ಟಿನ ಚಿತ್ರ ಬಂತು. ಪೊರೆ ಎರಡೂ ಬಿಡಿಸಿದಳು, ಬಿಲ್ಲೆಗಳನ್ನೂ ಒಟ್ಟಿದಳು. ಸಕ್ಕರೆ ಎಲ್ಲಿ ತಯಾರಾಗುತ್ತದೆ ಎನ್ನುವಲ್ಲಿ ಬಿಲ್ಲೆ ಎಂದು ಬರೆದು, ಹೊಡೆದುಹಾಕಿ, ದ್ರವ ಎಂದು ಬರೆದಳು. ಹೊರಗೆ ಬಂದ ಮೇಲೂ ಹೊಡೆದುಹಾಕಿದ್ದು ಸರಿಯೋ ತಪ್ಪೋ ಎಂದು ಯೋಚಿಸುತ್ತ ಬಸ್ಸು ತಪ್ಪಿಸಿಕೊಂಡಳು. ವಿಜ್ಞಾನದಲ್ಲಿ ಅಂಚಿನಲ್ಲೇ ಪಾಸಾದಳು. ಮರುವರ್ಷ ಕಾರ್ಯಕರ್ತೆಯೂ ಆದಳು.

ಆ ಮಳೆಗಾಲದಲ್ಲಿ ಮಕ್ಕಳೊಂದಿಗೆ ಡಬ್ಬಿಗಳಲ್ಲಿ ಗೋವಿನಜೋಳ ಊರಿದಳು. ಒಂದು ಸಸಿ ಹಾಲಿನಷ್ಟು ಬೆಳ್ಳಗೆ ಎದ್ದಿತು. ಹಸಿರಿಲ್ಲದ್ದು ಬದುಕುವುದಿಲ್ಲ ಎಂದು ಗೊತ್ತಿತ್ತು; ಆದರೂ ಗೇಣುದ್ದ ಹೇಗೆ ಬೆಳೆಯಿತು? ಅದು ಬಾಡಿಬಿದ್ದ ದಿನ ಶೈಲಾಳನ್ನು ಅಂಗನವಾಡಿಗೆ ಕರೆದು ಕೇಳಿದಳು.

"ಬೀಜದಾಗ ಬುತ್ತಿ ಇರತೈತ್ರಿ. ಅದು ತೀರೂತನಕ ಬೆಳದೈತಿ."

"ಬುತ್ತಿ ಕಟ್ಟಿದ ತಾಯಿಗಿಡ ಹಸರು ಇತ್ತಲ್ರಿ. ಕೂಸಿಗ್ಯಾಕ ಬರ್ಲಿಲ್ಲ?"

"ಹಸರು ಮಾಡೂ ಗುಣ ತಂದಿ-ತಾಯಿ ಕಡಿಂದ ಕೆಟ್ಟು ಬಂದಿರತೈತಿ. ಪೂರಾ ನನಗೂ ಗೊತ್ತಿಲ್ರಿ."

ಮಾದೇವಿ ಬಾಡಿದ ಸಸಿಯನ್ನು ಅಂಗೈಯಲ್ಲಿಟ್ಟುಕೊಂಡು, ಎಲ್ಲಿ ಇಡಬೇಕೆಂದು ತಿಳಿಯದೆ, ಕೊನೆಗೆ ಅದು ಹುಟ್ಟಿದ ಡಬ್ಬಿಯ ಮಣ್ಣಿನ ಮೇಲೇ ಮಲಗಿಸಿದಳು.