ರಾಳ ಹಚ್ಚುವ ಕೈಗೆ ಹೊಲಿದ ಗ್ಲೌಸು

ನನ್ನ ಗಂಡ ಗಂಗೊಳ್ಳಿಯಲ್ಲಿ ದೋಣಿ ರಿಪೇರಿ ಮಾಡುತ್ತಿದ್ದರು. ಹಲಗೆಗಳ ಸಂದಿಗೆ ಹತ್ತಿ ತುಂಬಿ, ಎಣ್ಣೆಯಲ್ಲಿ ಕುದಿಸಿದ ರಾಳವನ್ನು ಅದರ ಮೇಲೆ ಬಿಸಿಯಿರುವಾಗಲೇ ಹಚ್ಚಬೇಕು. ಆರಿದರೆ ಕಲ್ಲಾಗುತ್ತದೆ. ಎಲ್ಲರೂ ಬರಿಗೈಯಲ್ಲೇ ಮಾಡುವ ಕೆಲಸ ಅದು. ಸುಟ್ಟ ಕಲೆ ಇಲ್ಲದ ಕೈ ಅಲ್ಲಿರಲಿಲ್ಲ.

ಅರವತ್ತರ ದಶಕದ ನಡುವೆ, ಬೊಂಬಾಯಿಯ ಹೋಟೆಲಿನಲ್ಲಿದ್ದ ಮೈದುನ ಊರಿಗೆ ಬಂದಾಗ ಅಣ್ಣನಿಗೆಂದು ಒಂದು ಜೊತೆ ರಬ್ಬರ್ ಗ್ಲೌಸು ತಂದ. ಇವರಿಗೆ ಬಹಳ ಖುಷಿ. ಮೂರನೇ ದಿನ ನಾನು ಗಂಜಿ ತೆಗೆದುಕೊಂಡು ಹೋದಾಗ ಇವರು ಕೈ ಮೇಲೆತ್ತಿ ದೋಣಿಯ ಅಡಿಗೆ ರಾಳ ಹಚ್ಚುತ್ತಿದ್ದರು. ಅದು ಮಣಿಕಟ್ಟಿನ ಹತ್ತಿರ ಗ್ಲೌಸಿನ ಒಳಗೆ ಇಳಿಯಿತು.

"ಹ್ವಾಯ್, ಬೇಗ ತೆಗಿನಿ!" ಎಂದು ಕೂಗಿದೆ.

"ತೆಗೂಕ್ ಬತ್ತಿಲ್ಲೆ! ಅಂಟ್ಕಂಡಿತ್!"

ಪಕ್ಕದಲ್ಲಿ ಮೀನು ಕೊಯ್ಯುತ್ತಿದ್ದ ಹೆಂಗಸಿನ ಕತ್ತಿ ಕಸಿದುಕೊಂಡು ರಬ್ಬರನ್ನು ಸೀಳಿದೆ. ಕೊಡದ ನೀರು ಸುರಿದೆ. ಗಾಯ ಮಾಯಲು ಎರಡು ತಿಂಗಳು ಬೇಕಾಯಿತು. ಕಿರುಬೆರಳನ್ನು ಆಮೇಲೆ ಪೂರ್ತಿ ಮಡಚಲು ಆಗಲೇ ಇಲ್ಲ.

ಸುದ್ದಿ ಕೇಳಿದ ಮೈದುನ ಬೇಸರಪಟ್ಟು, ಬೊಂಬಾಯಿಯಿಂದ ಚರ್ಮದ ಗ್ಲೌಸು ಕಳಿಸಿದ. ಅದು ದಪ್ಪವಿತ್ತು, ಆದರೆ ಕೈಗೆ ಕಚ್ಚಿಕೊಂಡು ಕೂರುತ್ತಿತ್ತು.

"ಇದೂ ಬೇಡ. ಕೈ ಕೊಡವಿದ್ರೆ ಬೀಳ್ಕ್, ಅಂಥದ್ದ್ ಬೇಕ್" ಎಂದೆ.

"ಅಂಥದ್ದ್ ಯಾವ ಅಂಗ್ಡಿಯಂಗಿತ್ತ್?" ಎಂದರು ಇವರು.

ಅಂಗಡಿಯಲ್ಲಿ ಇರಲಿಲ್ಲ. ಹಳೆಯ ಹಾಯಿಬಟ್ಟೆಯನ್ನು ಎರಡು ಪದರ ಮಾಡಿ ನಾನೇ ಹೊಲಿದೆ. ಮೊದಲನೆಯದಕ್ಕೆ ಐದೂ ಬೆರಳು ಮಾಡಿದ್ದೆ, ಕೊಡವಿದರೆ ಬೀಳಲಿಲ್ಲ. ಎರಡನೆಯದಕ್ಕೆ ಹೆಬ್ಬೆರಳು ಬೇರೆ, ಉಳಿದ ನಾಲ್ಕಕ್ಕೆ ಒಂದೇ ಚೀಲ. ಬಾಯಿಯನ್ನು ಹೊರಕ್ಕೆ ಅಗಲವಾಗಿ ಮಡಚಿದೆ, ಇಳಿದ ರಾಳ ಆ ಮಡಿಕೆಯಲ್ಲೇ ನಿಲ್ಲಲಿ ಎಂದು. ಹಿತ್ತಲಲ್ಲಿ ಇವರ ಕೈ ಮೇಲೆತ್ತಿಸಿ ಗಿಂಡಿಯಿಂದ ನೀರು ಬಿಟ್ಟೆ. ಒಳಗೆ ಒಂದು ಹನಿಯೂ ಹೋಗಲಿಲ್ಲ. ಕೊಡವಿದಾಗ ಕಳಚಿ ಬಿತ್ತು.

ಕೆಲಸದ ಜಾಗದಲ್ಲಿ ಉಳಿದವರು ನಕ್ಕರು. "ಎಂತ ಮಾರಾಯ, ಕೈಗೂ ಅಂಗಿ ಹೊಲ್ಸಿದ್ಯಾ?" ಎಂದನಂತೆ ಜೊತೆಗಾರನೊಬ್ಬ. ಇವರು ಪಾತ್ರೆ ಹಿಡಿಯುವ ಎಡಗೈಗೆ ತಮ್ಮ ಕಳಿಸಿದ ಚರ್ಮದ್ದು, ಹಚ್ಚುವ ಬಲಗೈಗೆ ನಾನು ಹೊಲಿದದ್ದು ಹಾಕಿಕೊಂಡು ಕೆಲಸಕ್ಕೆ ಕೂತರು. ತಮ್ಮನ ಮನಸ್ಸೂ ನೋಯಬಾರದಲ್ಲ.

ಎರಡು ದೋಣಿ ಮುಗಿಯುವಷ್ಟರಲ್ಲಿ ರಾಳ ಮೆತ್ತಿ ಬಟ್ಟೆ ಹಲಗೆಯಂತಾಗುತ್ತಿತ್ತು. ಹೊಸದು ಹೊಲಿಯುತ್ತಿದ್ದೆ. ಮರುವರ್ಷ ಆ ಜೊತೆಗಾರನ ಹೆಂಡತಿ ಗ್ಲೌಸಿನ ಅಳತೆ ಕೇಳಿಕೊಂಡು ನಮ್ಮ ಮನೆಗೆ ಬಂದಳು.