ಸಿಗದಿರಲಿ ಎಂದುಕೊಂಡವರು ಸಿಕ್ಕಿದ್ದು

ಮನೆ ಕೊಳ್ಳಲು ಹೊರಟು, ಇದ್ದ ಬಾಡಿಗೆ ಮನೆಯನ್ನೂ ಬಿಟ್ಟು, ತಂಗಿಯ ಮನೆಯ ಚಾವಡಿಯಲ್ಲಿ ಚಾಪೆ ಹಾಸಿ ಮಲಗಿದವಳು ನಾನು. ತುಳುನಾಡಿನ ದೈವ ಕೊರಗಜ್ಜನ ಕಟ್ಟೆಗೆ ಬರುವ ನನ್ನಂಥ ಭಕ್ತರೆಲ್ಲರಿಗೆ ಕೈಮುಗಿದು ಇದನ್ನು ಬರೆಯುತ್ತಿದ್ದೇನೆ. ಅಜ್ಜನಿಗೆ ಹೇಳಿಕೊಂಡರೆ ಕಳೆದುಹೋದದ್ದು ಸಿಗುತ್ತದೆ ಎಂದು ನಮ್ಮ ಕಡೆ ಮಕ್ಕಳಿಗೂ ಗೊತ್ತು. ಓಲೆ ಸಿಕ್ಕಿದವರು, ದನ ಸಿಕ್ಕಿದವರು ಸಂತೋಷದಿಂದ ಹೇಳಿಕೊಳ್ಳುತ್ತಾರೆ. ನನ್ನದನ್ನು ಹಾಗೆ ಹೇಳಲು ಬಾಯಿ ಬರುವುದಿಲ್ಲ. ಅಜ್ಜನ ಕಾರಣಿಕವನ್ನು, ಆ ಮಹಿಮೆಯನ್ನು ಮುಚ್ಚಿಡಬಾರದು ಎಂಬ ಒಂದೇ ಕಾರಣಕ್ಕೆ ಬರೆಯುತ್ತಿದ್ದೇನೆ.

ನಾನು ಬಂಟ್ವಾಳದ ಬಿ.ಸಿ. ರೋಡಿನಲ್ಲಿ ರವಿಕೆ ಹೊಲಿಯುವವಳು. ಗಂಡ ಉಮೇಶ್ ಮಸ್ಕತ್ತಿನಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದರು. ಕಂಪೆನಿ ಮುಚ್ಚಿದ ಮೇಲೆ ಊರಿಗೆ ಬಂದು ವಯರಿಂಗ್ ಕೆಲಸ ಹಿಡಿದರು. ಮದುವೆಯಾದಾಗಿನಿಂದ ನಮ್ಮದು ಬಾಡಿಗೆ ಮನೆಯೇ. ಕಳೆದ ವರ್ಷ ಬೇಸಿಗೆಯಲ್ಲಿ ಪ್ರಭಾಕರ ಎಂಬ ಬ್ರೋಕರ್ ನಮ್ಮನ್ನು ಮೂಡುಬಿದಿರೆಯ ಹತ್ತಿರ ಬೆಳುವಾಯಿಗೆ ಕರೆದುಕೊಂಡು ಹೋಗಿ ಒಂದು ಮನೆ ತೋರಿಸಿದರು. ಎರಡು ಕೋಣೆ, ಅಡುಗೆಮನೆ, ಹಿಂದೆ ಬೇಸಿಗೆಯಲ್ಲೂ ನೀರಿರುವ ಬಾವಿ. ಮನೆಯ ಯಜಮಾನರು ಸಂಜೀವಣ್ಣ. ಮೂಡುಬಿದಿರೆಯಲ್ಲಿದ್ದ ಮಗಳು ಕರೆಯುತ್ತಿದ್ದಳು, ಮನೆ ಮಾರಿ ಅಲ್ಲಿಗೆ ಹೋಗುವ ಯೋಚನೆ ಅವರದು. ಕ್ರಯ ಒಪ್ಪಿಗೆಯಾಯಿತು. ಕರಾರು ಬರೆಸಿ ಮುಂಗಡ ಕೊಟ್ಟೆವು. ಮಳೆಗಾಲದ ಆಟಿ ತಿಂಗಳಲ್ಲಿ ಯಾರೂ ಹೊಸ ಮನೆ ಹೊಗುವುದಿಲ್ಲವಾದ್ದರಿಂದ ಅದಕ್ಕೆ ಮೊದಲೇ ರಿಜಿಸ್ಟ್ರಿ ಮುಗಿಸುವುದೆಂದು ಮಾತಾಯಿತು.

ಕರಾರಿಗೆ ಸಹಿ ಬಿದ್ದ ದಿನವೇ ಮನೆ ನಮ್ಮದಾಯಿತೆಂದು ನಾನು ತಿಳಿದೆ. ರವಿಕೆ ಕೊಡಲು ಬಂದವರಿಗೆಲ್ಲ ಹೇಳಿದೆ. ಹಾಲುಕ್ಕಿಸುವ ದಿನ ಎಲ್ಲರೂ ಬರಬೇಕೆಂದು ಕರೆದೂ ಬಿಟ್ಟೆ. ಕಿಟಕಿಗಳ ಅಳತೆ ತಂದು ಪರದೆ ಹೊಲಿದಿಟ್ಟೆ. ರಿಜಿಸ್ಟ್ರಿ ಆದ ಮೇಲೆ ಹೇಳಿದರೆ ಸಾಕು ಎಂದು ಉಮೇಶ್ ಎಷ್ಟು ಹೇಳಿದರೂ ಕೇಳಲಿಲ್ಲ. ಬಾಡಿಗೆ ಮನೆಯವರಿಗೆ ಮನೆ ಬಿಡುತ್ತೇವೆ ಎಂದವಳೂ ನಾನೇ. ಅವರು ಬೇರೆಯವರನ್ನು ಗೊತ್ತುಮಾಡಿಕೊಂಡರು.

ಸಾಲ ಕೊಡುವ ಬ್ಯಾಂಕಿನ ವಕೀಲರು ದಾಖಲೆಗಳನ್ನು ನೋಡಿ, ಜಾಗ ಮೊದಲು ಸಂಜೀವಣ್ಣನ ತಂದೆಯ ಹೆಸರಿನಲ್ಲಿತ್ತು, ಒಡಹುಟ್ಟಿದವರು ಯಾರಾದರೂ ಇದ್ದರೆ ಅವರ ಸಹಿಯೂ ಬೇಕು ಎಂದರು. ಯಾರೂ ಇಲ್ಲ ಎಂದು ಸಂಜೀವಣ್ಣ ಮೊದಲೇ ಹೇಳಿದ್ದರಿಂದ ನಮಗೆ ಗಾಬರಿಯಾಗಲಿಲ್ಲ. ವಂಶವೃಕ್ಷ ಮಾಡಿಸಿ ಕೊಟ್ಟರಾಯಿತು ಎಂದುಕೊಂಡೆವು. ಆ ವಾರ ಬೆಳುವಾಯಿಗೆ ಹೋದಾಗ ಪಕ್ಕದ ಮನೆಯ ಹೆಂಗಸು ಬೇಲಿಯ ಹತ್ತಿರ ನಿಂತು, "ಲಲಿತ ಒಪ್ಪಿದಳಾ ಹಾಗಾದ್ರೆ?" ಎಂದು ಕೇಳಿದರು. ಯಾವ ಲಲಿತ ಎಂದೆ. ಸಂಜೀವಣ್ಣನ ತಂಗಿ ಎಂದರು.

ನಾನು ನೆಟ್ಟಗೆ ಸಂಜೀವಣ್ಣನ ಜಗಲಿಗೆ ಹೋಗಿ ಕೂಗಾಡಿದೆ. ನೆರೆಯವರು ಕೇಳುವ ಹಾಗೆ ಮೋಸಗಾರ ಎಂದೆ. ಅಷ್ಟು ಪ್ರಾಯದ ಮನುಷ್ಯ ಕಂಬಕ್ಕೆ ಒರಗಿ ಕೂತರು. ಆಮೇಲೆ ನೆಲ ನೋಡಿಕೊಂಡು ಹೇಳಿದರು.

"ನನಗೆ ತಂಗಿ ಇಲ್ಲ. ಇದ್ದವಳ ಬೊಜ್ಜ ಮಾಡಿ ಆಗಿದೆ."

ಸತ್ತವರ ಉತ್ತರಕ್ರಿಯೆಗೆ ನಮ್ಮಲ್ಲಿ ಬೊಜ್ಜ ಎನ್ನುತ್ತಾರೆ. ಲಲಿತ ಸತ್ತಿರಲಿಲ್ಲ. ಮರ ಕೆತ್ತಿ ಹಾಲು ಇಳಿಸುವ ರಬ್ಬರ್ ಟ್ಯಾಪಿಂಗ್‌ಗೆ ಬಂದಿದ್ದ ಕೇರಳದ ಕಡೆಯ ಕ್ರಿಶ್ಚನ್ ಹುಡುಗನ ಜೊತೆ ಹೋಗಿ ಮದುವೆಯಾಗಿದ್ದರು. ತಂದೆ, ಬದುಕಿರುವ ಮಗಳ ಬೊಜ್ಜ ಮಾಡಿ ಊರಿಗೆಲ್ಲ ಊಟ ಹಾಕಿದರಂತೆ. ಎಷ್ಟೋ ವರ್ಷಗಳ ಮೇಲೆ ತಾಯಿ ತೀರಿಕೊಂಡಾಗ ಲಲಿತ ಬಂದು ಅಂಗಳದ ಹೊರಗೆ ನಿಂತಿದ್ದರು. ಹೆಣದ ಮುಖ ನೋಡಲೂ ಬಿಡದೆ ಸಂಜೀವಣ್ಣನೇ ಹಿಂದೆ ಕಳಿಸಿದ್ದರು. ಅದನ್ನು ಹೇಳುವಾಗ ಅವರು ಅಂಗಳದ ಹೊರಗಿನ ಆ ಜಾಗವನ್ನೇ ನೋಡಿದರು. ಅದು ನನ್ನ ಕಣ್ಣಿಗೆ ಬಿತ್ತು. ಆದರೂ ನನ್ನ ತಲೆಯಲ್ಲಿ ಇದ್ದದ್ದು ನಾನು ಹೊಲಿದ ಪರದೆಗಳು ಮಾತ್ರ.

ರಿಜಿಸ್ಟ್ರಿ ನಿಂತಿತು. ಬಾಡಿಗೆ ಮನೆ ಬಿಡುವ ದಿನ ನಿಲ್ಲಲಿಲ್ಲ. ಸಾಮಾನು ಕಟ್ಟಿಕೊಂಡು ಬಂಟ್ವಾಳ ಪೇಟೆಯಲ್ಲಿರುವ ನನ್ನ ತಂಗಿ ಸುಜಯಳ ಮನೆಗೆ ಬಂದೆವು. ಹೊಲಿಗೆ ಯಂತ್ರ ಮೆಟ್ಟಿಲಿನ ಕೆಳಗೆ, ಪಾತ್ರೆಗಳು ಟರ್ಪಾಲು ಹೊದ್ದು ಹಿತ್ತಲಿನಲ್ಲಿ. ಪಿಯುಸಿ ಓದುವ ಮಗಳು ಊಟದ ಮೇಜು ಖಾಲಿಯಾಗುವವರೆಗೆ ಕಾದು ಪುಸ್ತಕ ಬಿಡಿಸುತ್ತಿದ್ದಳು. ಒಮ್ಮೆ ಮನೆಗೆ ಬಂದವರು ನಮ್ಮನ್ನು ನೋಡಿ ವಿಚಾರಿಸಿದಾಗ ಸುಜಯಳ ಗಂಡ, ಹೊಸ ಮನೆ ಆಗುವವರೆಗೆ ಇಲ್ಲಿದ್ದಾರೆ, ಯಾವ ಮನೆ ಎಂದು ಅವರನ್ನೇ ಕೇಳಿ ಎಂದು ನಕ್ಕರು. ಮಗಳು ತಟ್ಟೆ ಬಿಟ್ಟು ಎದ್ದಳು. ಹಾಲುಕ್ಕಿಸುವುದು ಯಾವಾಗ ಎಂದು ಗಿರಾಕಿಗಳು ಕೇಳುತ್ತಾರೆಂದು ನಾನು ಪೇಟೆಯ ರಸ್ತೆ ಬಿಟ್ಟು ಹಿಂದಿನ ದಾರಿಯಲ್ಲಿ ನಡೆಯತೊಡಗಿದೆ. ಹೀಗೆಯೇ ಆಟಿ ಕಳೆಯಿತು.

ಆಗ ಪ್ರಭಾಕರ ಒಂದು ಉಪಾಯ ಹೇಳಿದರು. ವಂಶವೃಕ್ಷದಲ್ಲಿ ತಂಗಿಯ ಹೆಸರು ಹಾಕುವುದೇ ಬೇಡ. ಬೇರೆ ವಾರಸುದಾರರು ಇಲ್ಲವೆಂದು ಹೇಳಲು ಇಬ್ಬರು ಸಾಕ್ಷಿಗಳನ್ನು ಅವರೇ ತರುತ್ತಾರೆ. ಅಷ್ಟು ವರ್ಷದಿಂದ ಬಾರದವಳು ಈಗ ಎಲ್ಲಿಂದ ಬರುತ್ತಾಳೆ ಎಂದರು. ಇದು ಸರಿ ಕಾಣುವುದಿಲ್ಲ, ನಾಳೆ ಅವರು ಕೋರ್ಟಿಗೆ ಹೋದರೆ ಮನೆಯೂ ಇಲ್ಲ, ಮರ್ಯಾದೆಯೂ ಇಲ್ಲ ಎಂದು ಉಮೇಶ್ ಹೇಳಿದರು. ಅದಕ್ಕೆ ನಾನು ಆಡಿದ ಮಾತನ್ನು ಇಲ್ಲಿ ಬರೆಯಲೇಬೇಕು.

"ಬೊಜ್ಜ ಆದವಳ ಸಹಿ ನೀವು ಎಲ್ಲಿಂದ ತರ್ತೀರಿ?"

ಉಮೇಶ್ ನನ್ನನ್ನು ಹೊಸದಾಗಿ ಕಂಡವರ ಹಾಗೆ ನೋಡಿದರು.

ನನ್ನ ಅವಸ್ಥೆ ನೋಡಲಾರದೆ ಸುಜಯ ಸಂಕ್ರಮಣದ ಸಂಜೆ ನನ್ನನ್ನು ಅಜ್ಜನ ಕಟ್ಟೆಗೆ ಕರೆದುಕೊಂಡು ಹೋದಳು. ಚಕ್ಕುಲಿ, ವೀಳ್ಯದೆಲೆ, ಅಡಿಕೆ ಕೊಂಡುಹೋಗಿದ್ದೆವು. ದಾರಿಯುದ್ದಕ್ಕೂ ನನ್ನ ಮನಸ್ಸಿನಲ್ಲಿ ಒಂದೇ ಬೇಡಿಕೆ ಇತ್ತು. ಆ ಲಲಿತ ಎಲ್ಲಿದ್ದಾಳೋ ಅಲ್ಲೇ ಇರಲಿ, ಯಾರಿಗೂ ಸಿಗದಿರಲಿ, ನಮ್ಮ ಕಾಗದಪತ್ರ ಆಗಿಹೋಗಲಿ. ಕಟ್ಟೆಯಲ್ಲಿ ಸೇವೆ ಮಾಡುವವರು ಭಕ್ತರ ಬೇಡಿಕೆಯನ್ನು ತುಳುವಿನಲ್ಲಿ ಗಟ್ಟಿಯಾಗಿ ಅಜ್ಜನಿಗೆ ಅರಿಕೆ ಮಾಡುತ್ತಾರೆ. ನನ್ನ ಸರದಿ ಬಂದಾಗ ಅವರು ಕೇಳಿದರು, "ಎಂತ ಹೇಳ್ಬೇಕಮ್ಮ ಅಜ್ಜನತ್ರ?"

ಕಳೆದದ್ದನ್ನು ಹುಡುಕಿಕೊಡುವ ಅಜ್ಜನ ಎದುರು, ಒಬ್ಬ ಹೆಂಗಸು ಕಳೆದೇ ಇರಲಿ ಎಂದು ಯಾವ ಬಾಯಿಂದ ಹೇಳುವುದು? ಹಿಂದೆ ಜನ ಕಾಯುತ್ತಿದ್ದರು, ಪಕ್ಕದಲ್ಲಿ ಸುಜಯ ಕೈಮುಗಿದು ನಿಂತಿದ್ದಳು. ನಾಚಿಕೆಯಿಂದ ಪಾರಾಗಲು ಬಾಯಿಗೆ ಬಂದದ್ದನ್ನು ಹೇಳಿದೆ.

"ಒಬ್ಬರು ಮನೆ ಬಿಟ್ಟು ಹೋಗಿದ್ದಾರೆ. ಅವರು ಸಿಗ್ಬೇಕು."

ಅವರು ಅದನ್ನೇ ಅಜ್ಜನಿಗೆ ಹೇಳಿ ನನ್ನ ಕೈಗೆ ಪ್ರಸಾದ ಹಾಕಿದರು. ಅದು ನನ್ನ ಪ್ರಾರ್ಥನೆಯಾಗಿರಲಿಲ್ಲ. ತೋರಿಕೆಗೆ ಹೇಳಿದ ಸುಳ್ಳು.

ಮನೆಗೆ ಬಂದ ಕೂಡಲೇ ಸುಜಯ, ಅಕ್ಕ ಅಜ್ಜನತ್ರ ಹೀಗೆ ಕೇಳಿಕೊಂಡಳು ಎಂದು ಉಮೇಶರಿಗೆ ಹೇಳಿದಳು. ಅವರ ಮುಖ ಅರಳಿದ್ದನ್ನು ಕಂಡು ನಾನು ತಲೆ ತಗ್ಗಿಸಿದೆ. ಹಾಗಾದರೆ ನಾವೂ ಹುಡುಕುವ ಎಂದು ಅವರು ಮರುದಿನವೇ ಸಂಜೀವಣ್ಣನಲ್ಲಿಗೆ ಹೋದರು. ಕೊಕ್ಕಡದ ಕಡೆ ತೋಟವೊಂದರಲ್ಲಿ ಇದ್ದಾಳೆಂದು ಹಿಂದೆ ಯಾರೋ ಹೇಳಿದ್ದರು, ಅಷ್ಟೇ ಗೊತ್ತು ಎಂದರಂತೆ ಸಂಜೀವಣ್ಣ. ನನಗೆ ಬೇಡ ಎನ್ನುವ ಧೈರ್ಯವಿರಲಿಲ್ಲ.

ಬೆಳ್ತಂಗಡಿಯಲ್ಲಿ ಬಸ್ಸು ಬದಲಿಸಿ ಕೊಕ್ಕಡಕ್ಕೆ ಹೋದೆವು. ಉಮೇಶ್ ಹೋಟೆಲಿನಲ್ಲಿ, ಇಗರ್ಜಿಯ ಗೇಟಿನಲ್ಲಿ, ರಬ್ಬರ್ ಶೀಟು ಕೊಳ್ಳುವ ಅಂಗಡಿಯಲ್ಲಿ ವಿಚಾರಿಸಿದರು. ಲಲಿತ ಎಂಬ ಹೆಸರನ್ನು ಯಾರೂ ಕೇಳಿರಲಿಲ್ಲ. ಒಬ್ಬೊಬ್ಬರು ಇಲ್ಲ ಎಂದಾಗಲೂ ನನಗೆ ಒಳಗೊಳಗೆ ಹಾಯೆನಿಸುತ್ತಿತ್ತು. ಕೊನೆಗೆ ಒಂದು ಜೀನಸಿನ ಅಂಗಡಿಯಲ್ಲಿದ್ದ ಹೆಂಗಸಿಗೆ ಉಮೇಶ್ ನನ್ನ ಮೊಬೈಲ್ ನಂಬರ್ ಬರೆದುಕೊಟ್ಟು, ಬೆಳುವಾಯಿಯ ಲಲಿತ ಎಂದು ಯಾರಾದರೂ ಗೊತ್ತಾದರೆ ತಿಳಿಸಿ ಎಂದರು. ವಾಪಸು ಬರುವಾಗ ಬಸ್ಸಿನಲ್ಲಿ ಅವರು ಬೇಸರದಿಂದ ಕಣ್ಣು ಮುಚ್ಚಿ ಕೂತಿದ್ದರು. ನಾನು ಕಿಟಕಿಯ ಹೊರಗೆ ನೋಡುತ್ತ, ಪೀಡೆ ಕಳೆಯಿತು ಎಂದುಕೊಂಡೆ.

ಮುಂದಿನ ವಾರ ವಂಶವೃಕ್ಷದ ಕೆಲಸಕ್ಕೆಂದು ಪ್ರಭಾಕರ ನಮ್ಮನ್ನೆಲ್ಲ ಗ್ರಾಮ ಕಚೇರಿಗೆ ಬರಹೇಳಿದರು. ಸಂಜೀವಣ್ಣ ಮಂಕಾಗಿ ಬೆಂಚಿನ ಮೇಲೆ ಕೂತಿದ್ದರು. ಸಾಕ್ಷಿಗಳು ಚಹಾ ಕುಡಿಯಲು ಹೋಗಿದ್ದರು. ಉಮೇಶ್ ಒಳಗೆ ಬಾರದೆ ಗೇಟಿನ ಹತ್ತಿರವೇ ಉಳಿದರು. ಒಳಗಿದ್ದ ಅಧಿಕಾರಿಗೆ ಪಾಪ, ಈ ಯಾವುದೂ ಗೊತ್ತಿರಲಿಲ್ಲ. ಅಷ್ಟರಲ್ಲಿ ನನ್ನ ಮೊಬೈಲ್ ಹೊಡೆದುಕೊಂಡಿತು. ಗುರುತಿಲ್ಲದ ನಂಬರ್. ಅದು ಯಾರ ಕರೆ ಎಂದು ನನಗೆ ಆ ಕ್ಷಣವೇ ಅನಿಸಿತು. ಕೈಯಲ್ಲಿ ಹಿಡಿದುಕೊಂಡು ನೋಡುತ್ತಲೇ ಇದ್ದೆ. ಹೊಡೆದು ಹೊಡೆದು ನಿಂತಿತು. ನಾನು ತೆಗೆಯಲಿಲ್ಲ.

ನಮ್ಮ ಹೆಸರು ಕರೆದರು. ಸಂಜೀವಣ್ಣ ಬೆಂಚಿನಿಂದ ಏಳಲು ಆಧಾರ ಹುಡುಕಿದರು. ನನ್ನ ಭುಜ ಹಿಡಿದುಕೊಂಡರು. ನಾನು ಮೋಸಗಾರ ಎಂದು ಕರೆದ ಆ ಮನುಷ್ಯ ನನ್ನ ಭುಜದ ಮೇಲೆ ಭಾರ ಹಾಕಿ ನಿಂತಿದ್ದರು. ಆಗ ಫೋನ್ ಮತ್ತೆ ಹೊಡೆಯಿತು. ಆಮೇಲೆ ಮಾತಾಡಿ ಎಂದರು ಪ್ರಭಾಕರ. ನನ್ನ ಬೆರಳು ಹೇಗೆ ಆ ಗುಂಡಿಯನ್ನು ಒತ್ತಿತೋ ಇವತ್ತಿಗೂ ಹೇಳಲಾರೆ.

ಆ ಕಡೆಯಿಂದ ಹೆಂಗಸಿನ ಸ್ವರ ತುಳುವಿನಲ್ಲಿ ಕೇಳಿತು. "ಲಲಿತನನ್ನು ಹುಡುಕಿಕೊಂಡು ಬಂದದ್ದು ನೀವಾ? ನನ್ನ ಅಣ್ಣ ಇದ್ದಾರಾ? ಬದುಕಿದ್ದಾರಾ?"

ಆಸ್ತಿಯ ಮಾತಿಲ್ಲ, ದೂರಿಲ್ಲ. ಅವರ ಮೊದಲ ಪ್ರಶ್ನೆ ಅದು. ಫೋನನ್ನು ಸಂಜೀವಣ್ಣನ ಕಿವಿಗೆ ಹಿಡಿದೆ. ಅವರು ಆ ಸ್ವರ ಕೇಳಿಸಿಕೊಂಡರು. ಮತ್ತೆ, ಚಿಕ್ಕ ಹುಡುಗಿಯನ್ನು ಕರೆಯುವ ಹಾಗೆ, "ಮಗಾ" ಎಂದರು. ಅಷ್ಟೇ. ಅಲ್ಲೇ ಬೆಂಚಿನ ಮೇಲೆ ಕುಸಿದು ಚಿಕ್ಕ ಮಕ್ಕಳ ಹಾಗೆ ಅತ್ತರು. ಉಮೇಶ್ ಗೇಟಿನಿಂದ ಓಡಿಬಂದರು. ಪ್ರಭಾಕರ ತಮ್ಮ ಫೈಲನ್ನು ಕಂಕುಳಲ್ಲಿ ಇಟ್ಟುಕೊಂಡು ಹೊರಗೆ ಹೋದರು.

ಕೊಕ್ಕಡದಲ್ಲಿ ಅವರು ಲಲಿತ ಅಲ್ಲ, ಲಿಲ್ಲಿ. ಮದುವೆಯಾದಾಗಿನಿಂದ ಅದೇ ಹೆಸರು. ಅದಕ್ಕೇ ಯಾರಿಗೂ ಗೊತ್ತಾಗಿರಲಿಲ್ಲ. ಗಂಡ ತೀರಿಹೋಗಿ, ತಾವೇ ನಸುಕಿನಲ್ಲಿ ಎದ್ದು ರಬ್ಬರ್ ಟ್ಯಾಪಿಂಗ್ ಮಾಡಿ ಇಬ್ಬರು ಹೆಣ್ಣುಮಕ್ಕಳನ್ನು ಸಾಕಿ ದಡ ಸೇರಿಸಿದವರು. ಜೀನಸಿನ ಅಂಗಡಿಯ ಹೆಂಗಸು, ಯಾರೋ ಬೆಳುವಾಯಿಯ ಲಲಿತ ಎಂಬವರನ್ನು ಕೇಳಿಕೊಂಡು ಬಂದಿದ್ದರು ಎಂದು ಮಾತಿಗೆ ಮಾತು ಬಂದು ಅವರಿಗೇ ಹೇಳಿದ್ದರು.

ಭಾನುವಾರ ನಾನೇ ಬೆಳ್ತಂಗಡಿ ಬಸ್ ನಿಲ್ದಾಣಕ್ಕೆ ಹೋಗಿ ಅವರನ್ನು ಎದುರುಗೊಂಡೆ. ವೇಣೂರಿನ ದಾರಿಯಾಗಿ ಮೂಡುಬಿದಿರೆಗೆ ಬಂದು, ಅಲ್ಲಿಂದ ಬೆಳುವಾಯಿಗೆ ಹೋದೆವು. ಲಲಿತಕ್ಕ ಅಂಗಳದ ಹೊರಗೆ, ಹಿಂದೆ ತಡೆದಲ್ಲಿಯೇ ಇರಬೇಕು, ನಿಂತುಬಿಟ್ಟರು. ಸಂಜೀವಣ್ಣ ಮೆಟ್ಟಿಲಿಳಿದು ಹತ್ತಿರ ಬಂದು ಕೈ ಹಿಡಿದು ಒಳಗೆ ಕರೆದುಕೊಂಡು ಹೋದರು. ಅಣ್ಣ ತಂಗಿ ಮಾತಾಡಿದ್ದನ್ನು ನಾನು ಕೇಳಲಿಲ್ಲ. ಹೊರಗೇ ಕೂತೆ.

ಆಸ್ತಿಯ ಮಾತು ಬಂದಾಗ ಲಲಿತಕ್ಕ ನೇರವಾಗಿಯೇ ಹೇಳಿದರು. "ನನಗೆ ಬರ್ಬೇಕಾದ್ದು ನನಗೆ ಬರ್ಲಿ. ಬೇಡ ಅಂತ ಹೇಳುವಷ್ಟು ದೊಡ್ಡವಳಲ್ಲ ನಾನು. ಸಹಿ ಹಾಕ್ತೇನೆ."

ಕ್ರಯದಲ್ಲಿ ಅವರ ಪಾಲನ್ನು ಅವರ ಹೆಸರಿಗೇ ಕೊಡುವುದೆಂದು ಬರೆಸಿದೆವು. ವಕೀಲರು ಒಪ್ಪಿದರು, ಬ್ಯಾಂಕಿನವರು ಒಪ್ಪಿದರು. ನವರಾತ್ರಿ ಕಳೆದ ಮೇಲೆ ಅಣ್ಣ ತಂಗಿ ಪಕ್ಕಪಕ್ಕದಲ್ಲಿ ಕೂತು ಸಹಿ ಹಾಕಿ ಹೆಬ್ಬೆಟ್ಟು ಒತ್ತಿ ನಮಗೆ ರಿಜಿಸ್ಟ್ರಿ ಮಾಡಿಕೊಟ್ಟರು.

ದೀಪಾವಳಿಯ ಮರುವಾರ ಹಾಲುಕ್ಕಿಸಿದೆವು. ಲಲಿತಕ್ಕ ಇಬ್ಬರು ಮಕ್ಕಳನ್ನೂ ಕರೆದುಕೊಂಡು ಬಂದರು. ಬಂದವರಿಗೆಲ್ಲ ನನ್ನನ್ನು ತೋರಿಸಿ, ಯಾರಿಗೂ ಬೇಡವಾದ ನನ್ನನ್ನು ಹುಡುಕಿದವಳು ಇವಳು, ದೇವರಂಥವಳು ಎನ್ನುತ್ತಿದ್ದರು. ನೆಲ ಬಾಯಿ ಬಿಟ್ಟರೆ ಇಳಿದುಹೋಗುವ ಎನಿಸಿತು. ಊಟವೆಲ್ಲ ಮುಗಿದ ಮೇಲೆ ಬಾವಿಕಟ್ಟೆಯ ಹತ್ತಿರ ಪಾತ್ರೆ ತೊಳೆಯುವಾಗ ನಾವಿಬ್ಬರೇ ಇದ್ದೆವು. ಇನ್ನು ತಡೆಯಲಾಗದೆ ಎಲ್ಲವನ್ನೂ ಹೇಳಿದೆ. ಬೊಜ್ಜ ಆದವಳು ಎಂದದ್ದು, ಕಟ್ಟೆಯಲ್ಲಿ ಬೇಡಲು ಹೊರಟದ್ದು, ಮೊದಲ ಸಲ ಫೋನ್ ಹೊಡೆದಾಗ ಬೇಕೆಂದೇ ತೆಗೆಯದೆ ಇದ್ದದ್ದು.

ಲಲಿತಕ್ಕ ತಿಕ್ಕುತ್ತಿದ್ದ ಪಾತ್ರೆಯನ್ನು ಕೆಳಗಿಟ್ಟರು. ಬೈದಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಕೈ ತೊಳೆದುಕೊಂಡು ಮೆಲ್ಲಗೆ ಹೇಳಿದರು.

"ನೀನು ತೆಗಿಲಿಲ್ಲ ಅಲ್ವಾ, ಆಗ ನಾನು ಫೋನನ್ನು ಮಗಳ ಕೈಗೆ ಕೊಟ್ಟುಬಿಟ್ಟೆ. ಅಲ್ಲಿಯವರಿಗೆ ನಾನು ಬೇಡ, ಇನ್ನೊಮ್ಮೆ ಮಾಡುದಿಲ್ಲ ಅಂತ ಹೇಳಿದ್ದೆ. ಎರಡನೇ ಸಲ ಮಾಡಿದ್ದು ನಾನಲ್ಲ ತಂಗಿ. ಮಗಳೂ ತಾನು ಒತ್ತಲಿಲ್ಲ ಅಂತ ಹೇಳ್ತಾಳೆ. ರಿಂಗ್ ಆಗುದು ಕೇಳಿ ನಾನು ಕಿವಿಗೆ ಇಟ್ಟದ್ದು."

ಅವರು ಕೆಳಗಿಟ್ಟ ಪಾತ್ರೆಯನ್ನು ನಾನು ಎತ್ತಿಕೊಂಡೆ. ಪಾತ್ರೆಗಳನ್ನು ಒಟ್ಟಿಗೇ ತೊಳೆದು ಮುಗಿಸಿದೆವು.

ಲಲಿತಕ್ಕನ ಮಗಳ ಬೆರಳು ತಾಗಿರಬಹುದು ಎನ್ನುವವರು ಎನ್ನಲಿ. ನಾನು ಅಜ್ಜನಿಗೆ ಎಡೆ ಬಡಿಸುವ ಅಗೇಲು ಸೇವೆ ಕೊಟ್ಟು ಬಂದಿದ್ದೇನೆ. ಅಗೇಲಿನ ದಿನ ಸೇವೆಯವರು ಎಂತ ಹೇಳಬೇಕೆಂದು ಕೇಳಿದಾಗ, ಹಿಂದೆ ಇಲ್ಲಿ ನಾನು ಸುಳ್ಳು ಹೇಳಿದ್ದೆ, ಅಜ್ಜ ಅದನ್ನೇ ನಡೆಸಿಕೊಟ್ಟರು ಎಂದು ಎಲ್ಲರೆದುರು ಗಟ್ಟಿಯಾಗಿ ಹೇಳಿದೆ. ಅವರು ತಲೆಯಾಡಿಸಿ ಹಾಗೆಯೇ ಅರಿಕೆ ಮಾಡಿದರು. ನನ್ನ ಮನಸ್ಸಿನೊಳಗೆ ಎಂಥ ಬೇಡಿಕೆ ಇತ್ತೆಂದು ಗೊತ್ತಿದ್ದೂ ಅಜ್ಜ ಅದನ್ನು ನಡೆಸಲಿಲ್ಲ. ನಾನು ನಂಬುವುದಕ್ಕೆ ಅಷ್ಟು ಸಾಕು.