ಅಂಗೈಯೊಳಗಿನ ರೇಷ್ಮೆಗೂಡು

ಕನಕಪುರದ ಕಾಲೇಜಿನಲ್ಲಿ ನಾನು ಎಂಟುನೂರು ಮೀಟರ್ ಓಡುತ್ತಿದ್ದೆ. ಮೊದಲ ಸುತ್ತು ನನ್ನದು, ಎರಡನೆಯದು ಮಿಕ್ಕವರದು. ಕಾರಣ ಕಂಡುಹಿಡಿದವರು ನಮ್ಮ ಪಿ.ಟಿ. ಮೇಷ್ಟ್ರು.

"ಮುಷ್ಟಿ ಬಿಗೀತೀಯ ಕಣ್ಲಾ. ಕೈ ಬಿಗಿದ್ರೆ ಹೆಗಲು ಬಿಗೀತದೆ, ಆಮೇಲೆ ಉಸಿರು ಕಟ್ತದೆ. ನಿಮ್ಮನೇಲಿ ರೇಷ್ಮೆಹುಳ ಸಾಕ್ತಾರಲ್ಲ, ನಾಳೆ ಎರಡು ಗೂಡು ತಗೊಂಬಾ."

ಮರಳವಾಡಿಯ ಮನೆಯಲ್ಲಿ ಅವ್ವ ರೇಷ್ಮೆಗೂಡು ಬಿಡಿಸುತ್ತಾ ಕೂತಿದ್ದಳು. "ಓಡಕ್ಕೆ ಗೂಡ್ಯಾಕ್ಲಾ? ಗೆದ್ರೆ ನಂಗೆ ಸೀರೆ ನೇಯಿಸ್ತೀಯಾ?" ಎಂದಳು. ಕೊಡುವಾಗ ಎಚ್ಚರಿಸಿದಳು: "ಹಿಸುಕಬ್ಯಾಡ. ಒಳಗಿನ ಹುಳ ಒಡೆದ್ರೆ ಕಲೆ ಪಕ್ಕದ ಗೂಡಿಗೂ ಹತ್ಕತದೆ."

ಎರಡೂ ಕೈಯಲ್ಲಿ ಒಂದೊಂದು ಗೂಡನ್ನು ಹಿಸುಕದಂತೆ ಹಿಡಿದು ಓಡಿ ಓಡಿ, ಎರಡನೆಯ ಸುತ್ತಿನಲ್ಲೂ ಉಸಿರು ಉಳಿಯತೊಡಗಿತು. ಪದಕವೂ ಬಂತು. ಆದರೆ ಡಿಗ್ರಿ ಮುಗಿಯುವ ಮೊದಲೇ ಮಂಡಿ ಹೋಯಿತು.

ಆಮೇಲೆ ಗಾಲ್ಫ್ ಮೈದಾನವೊಂದರಲ್ಲಿ ಆಟಗಾರರ ಚೀಲ ಹೊರುವ ಕೆಲಸ ಹಿಡಿದೆ. ಚೀಲ ಹೊರುವವನಿಗೆ ಪಾಠ ಪುಕ್ಕಟೆ, ಕಣ್ಣು ತೆರೆದಿರಬೇಕು ಅಷ್ಟೆ. ಐದು ವರ್ಷ ನೋಡಿ, ಬಿಡುವಿನಲ್ಲಿ ಆಡಿ ಕಲಿತು, ಕಲಿಸುವ ಕೆಲಸ ಕೊಡಿ ಎಂದು ಮ್ಯಾನೇಜರ್ ಮುಂದೆ ನಿಂತೆ. ಅವರು ನಕ್ಕರು. ನಾನು ಚೌಕಾಸಿಗಿಳಿದೆ.

"ಯಾರ ಕೈಲೂ ಪಳಗದ ಒಬ್ಬರನ್ನ ಕೊಡಿ ಸಾರ್. ತಿಂಗಳಲ್ಲಿ ಅವರ ಚೆಂಡು ನೆಟ್ಟಗೆ ಹೋಗ್ದಿದ್ರೆ ಮತ್ತೆ ಚೀಲ ಹೊರ್ತೀನಿ, ಈ ಮಾತೇ ಎತ್ತಲ್ಲ."

ಕೆಲಸ ಕೇಳಲು ಹೋಗುವವರಿಗೆ ನಾನು ಹೇಳುವುದಿಷ್ಟೇ: ಸುಲಭದ್ದನ್ನು ಕೇಳಬೇಡಿ, ಅದಕ್ಕೆ ಆಗಲೇ ಜನ ಇರುತ್ತಾರೆ.

ಕೊಟ್ಟದ್ದು ರಾಮನಗರದಲ್ಲಿ ರೇಷ್ಮೆ ನೂಲು ತೆಗೆಸುವ ಸಾಹೇಬರನ್ನು. ಅರವತ್ತು ದಾಟಿದ್ದವರು, ಡಾಕ್ಟರು ನಡೆಯಿರಿ ಎಂದದ್ದಕ್ಕೆ ಗಾಲ್ಫಿಗೆ ಬಂದಿದ್ದರು. ಸ್ಟಿಕ್ಕು ಹಿಡಿದರೆ ಬಾವಿಗೆ ಬಿದ್ದವನು ಹಗ್ಗ ಹಿಡಿದ ಹಾಗೆ. ಚೆಂಡು ಸೀದಾ ಬಲಗಡೆಯ ಪೊದೆಗೆ. ಸಡಿಲ ಬಿಡಿ, ಸಡಿಲ ಬಿಡಿ ಎಂದು ಮೂರು ವಾರ ಗಂಟಲು ಒಣಗಿಸಿಕೊಂಡೆ.

"ಬಿಟ್ಟೇ ಇದೀನಲ್ಲ ಮಾಸ್ಟ್ರೇ" ಎನ್ನುತ್ತಿದ್ದರು, ಬೆರಳ ಗೆಣ್ಣುಗಳು ಬೆಳ್ಳಗಾಗಿರುತ್ತಿದ್ದವು.

ಉಳಿದದ್ದು ಒಂದೇ ವಾರ. ಭಾನುವಾರ ಊರಿಗೆ ಹೋಗಿ ಅವ್ವನ ಹತ್ತಿರ ಒಂದು ಹಿಡಿ ಗೂಡು ಕೇಳಿದೆ.

"ಈ ಮಂಡೀಲಿ ಮತ್ತೆ ಓಡ್ತೀಯೇನ್ಲಾ?"

"ನಂಗಲ್ಲ ಕಣವ್ವ, ಸಾಹೇಬ್ರಿಗೆ."

ಮರುದಿನ ಅವರ ಬಲ ಅಂಗೈಗೂ ಸ್ಟಿಕ್ಕಿಗೂ ನಡುವೆ ಒಂದು ಗೂಡಿಟ್ಟೆ. "ಹುಳ ಜೀವಂತ ಐತೆ ಸಾಹೇಬ್ರೇ."

ಅವರ ಮುಖವೇ ಬದಲಾಯಿತು. ಜೀವಮಾನವಿಡೀ ಮಾರುಕಟ್ಟೆಯಲ್ಲಿ ಗೂಡು ಮುಟ್ಟಿ ನೋಡಿ ಕೊಂಡ ಕೈ ಅದು. "ಒಳ್ಳೆ ಮಾಲು ಹಾಳು ಮಾಡಿಸ್ತೀಯಲ್ಲಯ್ಯ" ಎಂದು ಗೊಣಗಿದರೂ ಬೆರಳು ತಾವಾಗಿಯೇ ಮೆತ್ತಗಾದವು. ನಿಧಾನವಾಗಿ ಬೀಸಿದರು. ಚೆಂಡು ದೂರವೇನೂ ಹೋಗಲಿಲ್ಲ, ನೆಟ್ಟಗೆ ಹೋಯಿತು.

ತಿಂಗಳ ಕೊನೆಯ ದಿನ ಮ್ಯಾನೇಜರ್ ಬಂದು ನಿಂತರು. ಸಾಹೇಬರು ಹೊಡೆದ ಹತ್ತು ಚೆಂಡಿನಲ್ಲಿ ಎರಡು ಮಾತ್ರ ಪೊದೆ ಸೇರಿದವು. "ಏನ್ ಮಾಡೋಣ ಇವನನ್ನ?" ಎಂದು ಸಾಹೇಬರನ್ನು ಮ್ಯಾನೇಜರ್ ಕೇಳಿದರು. ಸಾಹೇಬರು ಅಂಗೈಯ ಗೂಡನ್ನು ಕಿವಿಯ ಹತ್ತಿರ ಅಲ್ಲಾಡಿಸಿದರು. ಒಳಗೆ ಹುಳ ಚೆನ್ನಾಗಿದ್ದರೆ ಟಕಟಕ ಸದ್ದು ಬರುತ್ತದೆ, ಹಾಗೆ ಅಲ್ಲಾಡಿಸಿ ನೋಡುವುದು ಮಾರುಕಟ್ಟೆಯ ಅಭ್ಯಾಸ.

"ಗೂಡು ಒಡೆದಿಲ್ಲ. ಮಾಸ್ಟ್ರನ್ನ ಇಟ್ಕೊಳ್ಳಿ" ಎಂದರು.

ಈಗ ನನ್ನ ಹತ್ತಿರ ಕಲಿತವರು ದೊಡ್ಡ ದೊಡ್ಡ ಪಂದ್ಯ ಗೆಲ್ಲುತ್ತಾರೆ. ಎಲ್ಲರ ಮೊದಲ ಪಾಠ ಗೂಡಿನದೇ. ಪ್ರತಿ ಬೆಳೆಯಲ್ಲೂ ಅವ್ವ ಒಂದು ಹಿಡಿ ತೆಗೆದಿಡುತ್ತಾಳೆ. ಪಿ.ಟಿ. ಮೇಷ್ಟ್ರ ಮನೆಗೆ ವರ್ಷಕ್ಕೊಮ್ಮೆ ಹೋಗಿ ಕಾಲು ಮುಟ್ಟಿ ಬರುತ್ತೇನೆ. ಸಾಹೇಬರು ಇವತ್ತಿಗೂ ಆಡಲು ಬರುತ್ತಾರೆ, ತಮ್ಮ ಗೂಡು ತಾವೇ ತರುತ್ತಾರೆ. ನಿಮ್ಮವ್ವನ ಗೂಡಿಗಿಂತ ನಾನು ಆರಿಸಿದ್ದೇ ಗಟ್ಟಿ ಎನ್ನುತ್ತಾರೆ. ಹೌದು ಸಾಹೇಬ್ರೇ ಎನ್ನುತ್ತೇನೆ. ಎಲ್ಲರ ಹತ್ತಿರವೂ ಚೌಕಾಸಿ ಮಾಡುವ ನಾನು ಅವರ ಹತ್ತಿರ ಮಾಡುವುದಿಲ್ಲ.